ಬುದ್ಧನನ್ನು ನೋಡುವ ನೆಪದಲ್ಲಿ, ನಾದಿನಿಯ ಜೊತೆ ಬ್ಯಾಂಕಾಕಿಗೆ

ನರೇಗಲ್

"ಥಾಯ್ಲೆಂಡಿನ್ಯಾಗ ಏನೇನ್ ನೋಡಿದ್ರಿ?" ಎಂದು ನನ್ನ ಹೊಲಿಗೆ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಮಲಗಿದ ಬುದ್ಧನನ್ನು ನೋಡಿದೆವು ಎನ್ನುತ್ತೇನೆ. ಅದು ಸುಳ್ಳಲ್ಲ, ಕೊನೆಯ ದಿನ ನೋಡಿದ್ದು ನಿಜ. ಅದಕ್ಕೂ ಮೊದಲು ಏನಾಯಿತೆಂದು ಹೇಳಲು ಇಷ್ಟು ದಿನ ನನಗೆ ಒಪ್ಪಿಗೆ ಇರಲಿಲ್ಲ. ಈಗ ಗಿರಿಜಾಳೇ, "ಬರೀರಿ ವೈನಿ, ಹೆಸರು ಬ್ಯಾರೆ ಹಾಕ್ರಿ ಅಷ್ಟ" ಅಂದಿದ್ದಾಳೆ. ಹಾಗಾಗಿ ಗಿರಿಜಾ ಎಂಬುದು ಅವಳ ಹೆಸರಲ್ಲ, ಅವಳ ಗಂಡನ ಹೆಸರೂ ಬೇರೆ. ಉಳಿದದ್ದೆಲ್ಲ ನಡೆದದ್ದೇ.

ಗಿರಿಜಾ ನನ್ನ ಗಂಡನ ತಂಗಿ. ಗಜೇಂದ್ರಗಡದಲ್ಲಿ ಮೆಣಸಿನಕಾಯಿ, ಶೇಂಗಾ ವ್ಯಾಪಾರ ಮಾಡುವ ಬಸವರಾಜರ ಹೆಂಡತಿ. ನಲವತ್ತೆರಡು ವರ್ಷ, ಮೂರು ಮಕ್ಕಳು. ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಡಾಕ್ಟರು ತೂಕ ಇಳಿಸಲು ಹೇಳಿದರು. ಆವತ್ತಿನಿಂದ ದಿನಾ ಬೆಳಗ್ಗೆ ಊರ ಗುಡ್ಡ ಹತ್ತಿ ಇಳಿದು, ಅನ್ನ ಬಿಟ್ಟು, ಎರಡು ವರ್ಷದಲ್ಲಿ ಇಪ್ಪತ್ತೆಂಟು ಕಿಲೋ ಇಳಿಸಿದಳು. ಅವಳ ಜಂಪರುಗಳ ಹೊಲಿಗೆ ಬಿಚ್ಚಿ ಸಣ್ಣದು ಮಾಡಿ ಹೊಲಿದವಳು ನಾನೇ. ಸೊಂಟ ಎಷ್ಟು ಇಳಿಯಿತು, ತೋಳು ಎಷ್ಟು ಇಳಿಯಿತು ಎಂದು ನನ್ನ ಟೇಪಿಗೆ ಗೊತ್ತು. ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದೇ ತಿಳಿದಿದ್ದೆ.

"ವೈನಿ, ಹೆಣ್ಮಕ್ಕಳದ್ದೊಂದು ಟೂರ್ ಐತ್ರಿ. ಬುದ್ಧನ ಗುಡಿ ಎಲ್ಲಾ ತೋರಸ್ತಾರಂತ. ನೀವು ಬಂದ್ರ ಇವರೂ ನನ್ನ ಕಳಸ್ತಾರು" ಎಂದು ಅವಳು ಫೋನ್ ಮಾಡಿದಾಗ ನಾನು ಮಶೀನಿನ ಮುಂದೆ ಕುಳಿತಿದ್ದೆ. ಬೆಂಗಳೂರನ್ನೇ ಎರಡು ಸಲ ನೋಡಿದವಳು ನಾನು. ಹೂಂ ಅಂದುಬಿಟ್ಟೆ.

ನಮ್ಮ ಅತ್ತೆ, ಅಂದರೆ ಗಿರಿಜಾಳ ತಾಯಿ, ಎಪ್ಪತ್ತಮೂರು ವರ್ಷದವರು. ಎರಡು ದಿನ ಒಲೆಯ ಮುಂದೆ ಕುಳಿತು ಕಡಕ್ ರೊಟ್ಟಿ ಬಡಿದು ಕಟ್ಟಿಕೊಟ್ಟರು. "ಆ ದೇಶದಾಗ ಹುಳಾ ತಿಂತಾರಂತ. ಇದನ್ನ ಬಿಟ್ಟು ಏನೂ ಬಾಯಾಗ ಹಾಕಬ್ಯಾಡ್ರಿ" ಅಂದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾವಿಬ್ಬರೇ ಇದ್ದೆವು. ಟೂರಿನ ಉಳಿದ ಹೆಣ್ಣುಮಕ್ಕಳು ಎಲ್ಲಿ ಎಂದು ಕೇಳಿದೆ. "ಅಲ್ಲೇ ಕೂಡ್ತಾರ್ರಿ" ಅಂದಳು ಗಿರಿಜಾ, ನನ್ನ ಮುಖ ನೋಡದೆ.

ಮೊದಲ ದಿನ, ಬ್ಯಾಂಕಾಕ್

ಇಳಿದ ಕೂಡಲೇ ನಮ್ಮ ಗುರೆಳ್ಳು ಚಟ್ನಿ ಸಿಕ್ಕಿಬಿತ್ತು. ಚೀಲ ತಪಾಸಣೆ ಮಾಡುವ ಹುಡುಗಿ ಡಬ್ಬಿ ತೆರೆದು, ಕಪ್ಪು ಪುಡಿಯನ್ನು ಮೂಗಿನ ಹತ್ತಿರ ಹಿಡಿದು, ನಾಲ್ಕು ಸಲ ಸೀನಿದಳು. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವಳೂ ಒಂದು ಚಿಟಿಕೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂದರೂ ನಕ್ಕು, ಕೈ ಜೋಡಿಸಿ ಕಳಿಸಿದಳು.

ರಸ್ತೆಯ ತುಂಬ ಗಾಡಿಗಳು, ಆದರೆ ಹಾರ್ನ್ ಇಲ್ಲ. ನಮ್ಮ ರೋಣದ ಬಸ್ ನಿಲ್ದಾಣದ ಎದುರು ಹತ್ತು ನಿಮಿಷ ನಿಂತರೆ ಕೇಳುವಷ್ಟು ಹಾರ್ನು ಇಲ್ಲಿ ಇಡೀ ದಿನ ಕೇಳಲಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಪ್ರತಿ ಮಾತಿನ ಕೊನೆಗೆ "ಖಾ" ಎನ್ನುತ್ತಾರೆ. ಮೊದಲು ನಗು ಬಂತು. ಸಂಜೆಯ ಹೊತ್ತಿಗೆ ಗೊತ್ತಾಯಿತು, ಅದು ನಮ್ಮ "ರಿ". ಬರ್ರಿ, ಕೂಡ್ರಿ ಅಂದ ಹಾಗೆಯೇ. ಆಮೇಲೆ ನಾನು "ಬೇಡ" ಎನ್ನುವುದಕ್ಕೂ "ನೋ ಖಾ" ಅನ್ನತೊಡಗಿದೆ, ಅಂಗಡಿಯವರು ಖುಷಿಪಟ್ಟರು.

ಊಟದ್ದೇ ಕಷ್ಟ. ಬರೀ ಕಾಯಿಪಲ್ಲೆ ಎಂದು ಕೊಟ್ಟದ್ದರಲ್ಲಿಯೂ ಮೀನಿನ ರಸ ಇತ್ತು. ಮೊದಲ ತುತ್ತನ್ನೇ ಕೈಯೊರೆಸುವ ಕಾಗದಕ್ಕೆ ಉಗುಳಿದೆ. ಹೋಟೆಲ್ ರೂಮಿಗೆ ಓಡಿ ಬಂದು ಅತ್ತೆಯ ರೊಟ್ಟಿ ಬಿಚ್ಚಿದೆವು.

ಟೂರಿನವರು ಆ ದಿನ ಯಾರೂ ಬರಲಿಲ್ಲ.

ಎರಡನೆಯ ದಿನ, ಗುಡಿಯಲ್ಲದ ಗುಡಿ

ಬೆಳಗ್ಗೆ ಕಾರು ಬಂತು. ದೊಡ್ಡ ಗಾಜಿನ ಕಟ್ಟಡದ ಮುಂದೆ ಇಳಿಸಿತು. ಅಂಗಳದಲ್ಲಿ ಕಂಬದ ಮೇಲೆ ಒಂದು ಪುಟ್ಟ ಗುಡಿ. ಅದಕ್ಕೆ ಚೆಂಡುಹೂವಿನ ಮಾಲೆ, ಮುಂದೆ ಕೆಂಪು ಶರಬತ್ತಿನ ಬಾಟಲಿ, ಬಾಟಲಿಯಲ್ಲಿ ಹೀರುವ ಕೊಳವೆ. ದೇವರಿಗೆ ಹೀರಿ ಕುಡಿಯುವ ವ್ಯವಸ್ಥೆ ನೋಡಿ ಬೆರಗಾದೆ. ಇದೇ ಮೊದಲ ಗುಡಿ ಎಂದುಕೊಂಡು ಚಪ್ಪಲಿ ಬಿಟ್ಟು ಕೈ ಮುಗಿದೆ.

"ವೈನಿ, ಚಪ್ಪಲ್ ಹಾಕ್ಕೊಳ್ರಿ. ಒಳಗ ಹೋಗೂದೈತಿ" ಅಂದಳು ಗಿರಿಜಾ.

ಒಳಗೆ ಕಾಲಿಟ್ಟೆ. ಗಾಲಿ ಕುರ್ಚಿಗಳು, ಬಿಳಿ ಬಟ್ಟೆಯ ನರ್ಸುಗಳು, ಆ ವಾಸನೆ. ದವಾಖಾನೆ. ಸಕ್ಕರೆ ಏರಿತೇ? ಬೇರೆ ಏನಾದರೂ ದೊಡ್ಡ ರೋಗವೇ? ಅಷ್ಟರಲ್ಲಿ ಹಣೆಗೆ ಬಿಂದಿ ಇಟ್ಟ ಹೆಂಗಸೊಬ್ಬಳು ಬಂದು ಹಿಂದಿಯಲ್ಲಿ ಮಾತಾಡಿಸಿದಳು. ಅವಳ ಹೆಸರು ಕಿರಣ್. ಅಜ್ಜನ ಕಾಲದಲ್ಲಿ ಗೋರಖಪುರದ ಕಡೆಯಿಂದ ಬಂದು ಅಲ್ಲೇ ನೆಲೆಸಿದ ಮನೆತನ. ಆ ಆಸ್ಪತ್ರೆಯಲ್ಲಿ ಭಾರತದವರಿಗೆ ಮಾತು ತಿಳಿಸಿ ಹೇಳುವುದು ಅವಳ ಕೆಲಸ.

"ಇವರು ನಿಮ್ಮ ಜೊತೆ ಇರುವವರಾ?" ಎಂದು ಗಿರಿಜಾಳನ್ನು ಕೇಳಿ, ನನ್ನ ಕಡೆ ತಿರುಗಿ ಹೇಳಿದಳು: "ಚಿಂತೆ ಮಾಡಬೇಡಿ ದೀದಿ. ಬ್ರೆಸ್ಟ್ ಲಿಫ್ಟ್ ಔರ್ ಇಂಪ್ಲಾಂಟ್, ದೋನೋ ಏಕ್ ಸಾಥ್. ಮೂರನೇ ದಿನ ಓಡಾಡುತ್ತಾರೆ."

ನನಗೆ ಅರ್ಥವಾಗಲಿಲ್ಲ. ಕಿರಣ್ ತನ್ನ ಎರಡೂ ಅಂಗೈಗಳನ್ನು ಎದೆಯ ಕೆಳಗಿಟ್ಟು ಮೇಲಕ್ಕೆ ಎತ್ತಿ ತೋರಿಸಿದಳು. ಆಗ ಅರ್ಥವಾಯಿತು.

ನಾನು ಗಿರಿಜಾಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಎದಿ ಎತ್ತಿಸ್ಕೊಳ್ಳಾಕ ಬಂದೀಯೇನ?" ಅಂದೆ. ಧ್ವನಿ ನನಗೇ ಗೊತ್ತಿಲ್ಲದೆ ಏರಿತ್ತು. ಅಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲದಿದ್ದರೂ ಗಿರಿಜಾ ಸುತ್ತ ನೋಡಿದಳು.

"ಹೌದ್ರಿ."

"ಬಸವರಾಜಗ ಗೊತ್ತೈತೇನ?"

"ಇಲ್ರಿ."

"ನಿಮ್ಮ ಅವ್ವಗ?"

ಅವಳು ಪರ್ಸಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ನಾನು ಎದುರಿಗಿದ್ದ ಸೋಫಾದ ಮೇಲೆ ಕುಳಿತೆ.

ಡಾಕ್ಟರಮ್ಮನ ಕೋಣೆ

ಡಾಕ್ಟರು ಹೆಂಗಸು, ಅದೊಂದು ಸಮಾಧಾನ. ಕಿವಿಯ ಪಕ್ಕ ನರೆತ ಕೂದಲು, ಸಣ್ಣ ಆಕಾರ. ಮೊದಲು ನಮಗೆ ಬೆಚ್ಚಗಿನ ನೀರು ಕೊಟ್ಟರು. ಆಮೇಲೆ ಒಂದು ಪುಸ್ತಕ ತೆರೆದರು. ಅದರ ತುಂಬ ಹೆಂಗಸರ ಎದೆಯ ಫೋಟೋಗಳು, ಮುಖವಿಲ್ಲ. ಎಡಗಡೆ ಆಪರೇಶನ್ನಿಗೆ ಮೊದಲು, ಬಲಗಡೆ ಆಮೇಲೆ. ಇಪ್ಪತ್ತಾರು ವರ್ಷ ಹೆಂಗಸರ ಅಳತೆ ತೆಗೆದವಳು ನಾನು. ಆದರೂ ಬಟ್ಟೆಯಿಲ್ಲದೆ ಇಷ್ಟು ಎದೆಗಳನ್ನು ನಾನು ನೋಡಿರಲಿಲ್ಲ. ಅಳತೆಯನ್ನು ನಾವು ಸೆರಗಿನ ಮೇಲಿಂದಲೇ ತೆಗೆಯುತ್ತೇವೆ, ಕಣ್ಣು ಬೇರೆ ಕಡೆ ಇರುತ್ತದೆ.

ಡಾಕ್ಟರು ಒಂದು ಸಿಲಿಕೋನ್ ಚೀಲವನ್ನು ನನ್ನ ಅಂಗೈ ಮೇಲೆ ಇಟ್ಟರು. ತಣ್ಣಗೆ, ಮೆತ್ತಗೆ, ಜೀವವಿದ್ದ ಹಾಗೆ ಅಲುಗಾಡಿತು. ನಾನು ಬೆಚ್ಚಿ ಕೈಬಿಟ್ಟೆ. ಅದು ಮೇಜಿನಿಂದ ಪುಟಿದು ಕಿರಣಳ ತೊಡೆಯ ಮೇಲೆ ಬಿತ್ತು. ನಕ್ಕವರು ಡಾಕ್ಟರು ಒಬ್ಬರೇ.

ಅವರು ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದನ್ನು ಕಿರಣ್ ಹಿಂದಿಯಲ್ಲಿ ತಿಳಿಸಿದಳು. ಇದು ಒಂದಲ್ಲ, ಎರಡು ಕೆಲಸ. ಜೋತುಬಿದ್ದ ಚರ್ಮವನ್ನು ಕತ್ತರಿಸಿ ತೆಗೆದು, ತೊಟ್ಟನ್ನು ಮೇಲೆ ತಂದು, ಬಿಗಿಯಾಗಿ ಹೊಲಿಯುವುದು ಮೊದಲನೆಯದು. ಒಳಗೆ ಚೀಲ ಇಟ್ಟು ತುಂಬುವುದು ಎರಡನೆಯದು. ಒಂದು ಬಿಗಿ ಮಾಡುತ್ತದೆ, ಇನ್ನೊಂದು ಹಿಗ್ಗಿಸುತ್ತದೆ.

ಅಷ್ಟು ಹೇಳುವುದರೊಳಗೆ ನನಗೆ ತಿಳಿದುಹೋಯಿತು. ಬಟ್ಟೆಯನ್ನು ಸಣ್ಣದು ಮಾಡಿ ಹೊಲಿದು, ಅದೇ ಹೊತ್ತಿಗೆ ಒಳಗೆ ದಪ್ಪ ಅಸ್ತರ್ ತುಂಬಿದರೆ ಹೊಲಿಗೆಯ ಮೇಲೆ ಎಷ್ಟು ಜಗ್ಗುತ್ತದೆಂದು ಹೊಲಿಯುವವರಿಗೆ ಹೇಳಬೇಕಾಗಿಲ್ಲ.

"ಹೊಲಿಗಿ ಬಿಚ್ಚೂದಿಲ್ಲೇನ್ರಿ?" ಎಂದು ನನಗೆ ಬರುವ ಹರಕು ಹಿಂದಿಯಲ್ಲಿ ಕೇಳಿದೆ. ಕಿರಣ್ ತಿಳಿಸಿದಾಗ ಡಾಕ್ಟರು ನನ್ನತ್ತ ಬೆರಳು ತೋರಿಸಿ, ಇದೇ ಸರಿಯಾದ ಪ್ರಶ್ನೆ ಎಂದರು. ಬಿಚ್ಚಬಹುದು. ತೊಟ್ಟಿಗೆ ರಕ್ತ ಹರಿಯುವುದು ಕಡಿಮೆಯಾದರೆ ತೊಟ್ಟು ಕಪ್ಪಾಗಿ ಸಾಯಲೂಬಹುದು. ಆರೋಗ್ಯ ಚೆನ್ನಾಗಿದ್ದವರಿಗೆ ಎರಡನ್ನೂ ಒಂದೇ ಸಲ ಮಾಡುತ್ತೇವೆ, ಇಲ್ಲದಿದ್ದರೆ ಬೇರೆ ಬೇರೆ ಸಲ. ಚೀಲ ಜೀವನಪೂರ್ತಿ ಇರುವುದಲ್ಲ, ಮುಂದೆ ಬದಲಿಸಬೇಕಾಗಿ ಬರಬಹುದು. ಸಕ್ಕರೆ ಹತೋಟಿಯಲ್ಲಿದೆ, ಒಳ್ಳೆಯದು. ಧೂಮಪಾನ?

ಗಿರಿಜಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ನಾನು ನಕ್ಕೆ. ನಮ್ಮ ಮನೆಯ ಹೆಣ್ಣುಮಕ್ಕಳು ಬೀಡಿ ಸೇದುವುದೇ?

ರಕ್ತ, ಮೂತ್ರ ಪರೀಕ್ಷೆಗೆ ಕರೆದುಕೊಂಡು ಹೋದರು. ಒಂದು ಗಂಟೆಯ ನಂತರ ಡಾಕ್ಟರು ಕಾಗದ ಹಿಡಿದು ಬಂದರು. ಮುಖದಲ್ಲಿ ಬೆಳಗಿನ ನಗು ಇರಲಿಲ್ಲ. ಇವರ ಮೈಯಲ್ಲಿ ತಂಬಾಕು ಇದೆ, ಬಹಳ ಇದೆ ಎಂದರು.

"ಸುಳ್ಳು!" ಅಂದೆ ನಾನು. "ಬ್ಯಾರೆಯವರ ಕಾಗದ ಇರಬೇಕ್ರಿ ಅದು."

ಗಿರಿಜಾ ಮೆಲ್ಲಗೆ ತನ್ನ ಪರ್ಸು ತೆರೆದಳು. ಕುಂಕುಮದ ಭರಣಿಯಂಥ ಸಣ್ಣ ಡಬ್ಬಿ. ಅದರಲ್ಲಿ ತಪಕೀರ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ. "ಹಸಿವಿ ಆಗಬಾರದಂತ ಚಾಲೂ ಮಾಡಿದೆ ವೈನಿ. ಅನ್ನ ಬಿಟ್ಟಾಗ. ಈಗ ದಿನಕ್ಕ ಏಳೆಂಟು ಸಲ" ಅಂದಳು.

ಡಬ್ಬಿ ನೋಡುತ್ತ ಕುಳಿತೆ. ಮೂರು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ನನ್ನ ಮನೆಗೆ ಬಂದು ಹೋಗುವವಳು. ಅವಳ ಹಲ್ಲಿನ ಬಣ್ಣವನ್ನು ಚಹಾದ ಮೇಲೆ ಹಾಕಿ ಸುಮ್ಮನಿದ್ದವಳು ನಾನು.

ಸೇದಿದರೂ ಅದೇ, ತಿಕ್ಕಿದರೂ ಅದೇ, ರಕ್ತದ ನಾಳ ಸಣ್ಣದಾಗುತ್ತದೆ, ನಾನು ಕತ್ತಿ ಹಿಡಿಯುವುದಿಲ್ಲ ಎಂದರು ಡಾಕ್ಟರು. ಪೂರ್ತಿ ಬಿಟ್ಟು ಎರಡು ತಿಂಗಳಾದ ಮೇಲೆ ಬನ್ನಿ. ಇನ್ನೊಂದು ಮಾತನ್ನೂ ಹೇಳಿದರು. ನಿಮ್ಮದೇ ಮೈ ಸಾಕಷ್ಟಿದೆ, ಎತ್ತಿ ಹೊಲಿದರೆ ಸಾಕು, ಒಳಗೆ ಏನೂ ತುಂಬಬೇಕಿಲ್ಲ.

ಗಿರಿಜಾ ಆ ಕೊನೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಎರಡು ತಿಂಗಳಾದ ಮೇಲೆ ಮತ್ತೆ ಯಾವ ಬುದ್ಧನ ನೆಪ ಹೇಳಿ ಮನೆ ಬಿಡುವುದು ಎಂಬುದೇ ಅವಳ ಚಿಂತೆ.

ಅದೇ ದಿನ ಮಧ್ಯಾಹ್ನ, ರೂಮಿನಲ್ಲಿ

ರೊಟ್ಟಿ ಮುಂದಿಟ್ಟುಕೊಂಡು ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಬಸವರಾಜ ಏನರ ಅಂದನೇನ?"

"ಅವರು ಏನೂ ಅನ್ನೂದಿಲ್ರಿ."

"ಮತ್ತ ಯಾಕ ಬೇಕಾತ ನಿನಗ ಇದು? ಮಗಳು ಕಾಲೇಜಿಗೆ ಹೊಂಟಾಳ. ಈ ವಯಸ್ಸಿನ್ಯಾಗ ಯಾರಿಗೆ ತೋರಸ್ಬೇಕಾಗೈತಿ?"

ಅವಳು ಎದ್ದು ನಿಂತಳು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದಳು.

"ನನಗ ತೋರಸ್ಬೇಕಾಗೈತಿ. ನನಗ! ಇಪ್ಪತ್ತೆಂಟು ಕಿಲೋ ಇಳಿಸೇನಿ. ಎಲ್ಲಾರೂ ಚಲೋ ಕಾಣ್ತಿ ಅಂತಾರ. ಸೀರಿ ಬಿಚ್ಚಿದ್ರ ಎರಡು ಖಾಲಿ ಚೀಲ ಹೊಟ್ಟಿ ಮ್ಯಾಲೆ ಬಿದ್ದಿರ್ತಾವು. ಬ್ಯಾಸಗಿಗೆ ಕೆಳಗ ಬೆವತು ಚರ್ಮ ಸುಲೀತೈತಿ. ಗುಡ್ಡ ಹತ್ತೂ ಮುಂದ ಬಟ್ಟಿ ಸುತ್ತಿ ಬಿಗಿದು ಕಟ್ಟಿಕೊಂಡು ಹೋಗ್ತೀನಿ. ನಿನಗ ಗೊತ್ತೈತೇನ? ನನ್ನ ಜಂಪರ್ ಹೊಲಿಯಾಕಿ ನೀನಽ."

ಬಾಗಿಲ ಕಡೆ ಹೋಗಿ ಮತ್ತೆ ತಿರುಗಿದಳು. "ನಿನ್ನ ಮಗಗೂ ಕುಡಿಸೇನಿ. ಅದನ್ನರ ನೆನಪು ಇಟ್ಟೀಯೇನ?"

ನನ್ನ ಮಗ ಎರಡು ತಿಂಗಳ ಕೂಸಾಗಿದ್ದಾಗ ನನಗೆ ವಿಷಮಜ್ವರ ಬಂದು ಗದಗದ ಆಸ್ಪತ್ರೆಯಲ್ಲಿ ಮೂರು ವಾರ ಬಿದ್ದಿದ್ದೆ. ಗಿರಿಜಾ ಚೊಚ್ಚಲ ಬಾಣಂತಿಯಾಗಿ ತವರಲ್ಲಿದ್ದಳು. ಒಂದು ಕಡೆ ತನ್ನ ಮಗಳು, ಇನ್ನೊಂದು ಕಡೆ ನನ್ನ ಮಗ. ನಾನು ಗುಣವಾಗಿ ಬಂದಾಗ ಅವನು ನನ್ನ ಹತ್ತಿರ ಬರಲೊಲ್ಲದೆ ಅತ್ತಿದ್ದ. ಅದನ್ನು ನಾನು ನಗುತ್ತ ಹೇಳುವ ಕಥೆ ಮಾಡಿಕೊಂಡಿದ್ದೆ. ಅವಳ ಬಾಯಲ್ಲಿ ಆ ಮಾತು ಬಂದಾಗ ಕೆನ್ನೆಗೆ ಹೊಡೆದ ಹಾಗಾಯಿತು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಈ ಪ್ರಯಾಣವನ್ನು ಗೊತ್ತುಮಾಡಿದ ಬೆಂಗಳೂರಿನ ಏಜೆಂಟ್, ಆಸ್ಪತ್ರೆಯಿಂದ ಅವನಿಗೆ ಆಗಲೇ ಸುದ್ದಿ ಹೋಗಿತ್ತು. ಅವನ ಮಾತು ನನಗೂ ಕೇಳುತ್ತಿತ್ತು.

"ಮೇಡಂ, ಟೆನ್ಷನ್ ತಗೋಬೇಡಿ. ಆ ಡಾಕ್ಟ್ರು ಸ್ವಲ್ಪ ಹಳೇ ಕಾಲದವ್ರು. ಇನ್ನೊಂದು ಕ್ಲಿನಿಕ್ ಇದೆ, ಅಲ್ಲಿ ಟೆಸ್ಟು ಗಿಸ್ಟು ಏನೂ ಇಲ್ಲ. ನಾಳೆ ಬೆಳಿಗ್ಗೆ ಎರಡೂ ಒಟ್ಟಿಗೆ ಮಾಡ್ತಾರೆ, ಸಂಜೆ ರೂಮಿಗೆ ಬಂದ್ಬಿಡ್ತೀರ."

ಗಿರಿಜಾ ನನ್ನನ್ನು ನೋಡುತ್ತಲೇ "ಹೂಂ" ಅಂದಳು. ಮಗನ ಮಾತು ಎತ್ತಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮೂರನೆಯ ದಿನ, ಅಂಗಡಿಗಳ ಮೇಲಿನ ಕ್ಲಿನಿಕ್

ಅದು ಬಟ್ಟೆ, ಬೂಟಿನ ಅಂಗಡಿಗಳಿದ್ದ ಕಟ್ಟಡದ ನಾಲ್ಕನೆಯ ಮಹಡಿ. ಕೆಳಗೆ ಐಸ್‌ಕ್ರೀಮು, ಮೇಲೆ ಆಪರೇಶನ್. ಗುಲಾಬಿ ಗೋಡೆ, ಹಾಡು. ಕಿರಣಳಂಥವರು ಅಲ್ಲಿ ಯಾರೂ ಇರಲಿಲ್ಲ. ಮಾತು ತರ್ಜುಮೆ ಮಾಡುವ ಫೋನೊಂದನ್ನು ನಮ್ಮ ಮುಂದೆ ಇಟ್ಟರು. ನಾವು ಕನ್ನಡದಲ್ಲಿ ಹೇಳಿದರೆ ಅದು ಥಾಯ್ ಭಾಷೆಯಲ್ಲಿ ಹೇಳುತ್ತಿತ್ತು, ಅವರದ್ದನ್ನು ನಮಗೆ ಕನ್ನಡದಲ್ಲಿ. ನರ್ಸು ನಕ್ಕು ಏನೋ ಹೇಳಿದಳು. ಫೋನು, "ಸುಂದರ ಹಸುವೇ, ದಯವಿಟ್ಟು ಬಟ್ಟೆಯನ್ನು ರದ್ದು ಮಾಡಿ" ಎಂದಿತು. ಬೇರೆ ದಿನವಾಗಿದ್ದರೆ ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಅರ್ಧ ಗಂಟೆಯಲ್ಲಿ ಗಿರಿಜಾಳನ್ನು ಹಸಿರು ಅಂಗಿಯಲ್ಲಿ ಕೂರಿಸಿದ್ದರು. ನನ್ನನ್ನು ಸಹಿಗಾಗಿ ಒಳಗೆ ಕರೆದರು. ತರುಣ ಡಾಕ್ಟರ್ ಅವಳ ಎದೆಯ ಮೇಲೆ ನೇರಳೆ ಪೆನ್ನಿನಿಂದ ಗೆರೆ ಎಳೆದು ಮುಗಿಸುತ್ತಿದ್ದ. ಆವತ್ತು ಮೊದಲ ಬಾರಿಗೆ ನಾನು ಅವಳನ್ನು ಕಣ್ಣು ತಪ್ಪಿಸದೆ ನೋಡಿದೆ. ಅವಳು ಹೇಳಿದ್ದು ಅಕ್ಷರ ಅಕ್ಷರ ನಿಜ. ಕೆಳಗಿನ ಮಡಿಕೆಯಲ್ಲಿ ಹಳೆಯ, ಹೊಸ ಗಾಯಗಳು ಒಂದರ ಮೇಲೊಂದು. ಅದರ ಮೇಲೆ ನಾನು ಬಿಗಿಯಾಗಿ ಹುಕ್ಕು ಕೂರಿಸಿ ಹೊಲಿದುಕೊಟ್ಟಿದ್ದೆ.

ಸಹಿ ಮಾಡುವ ಪೆನ್ನು ನನ್ನ ಕೈಗೆ ಬಂತು. ಗಿರಿಜಾ ಕಣ್ಣಿನಲ್ಲೇ ಬೇಡಿಕೊಂಡಳು. ನನಗೆ ಹಿಂದಿನ ದಿನದ ಡಾಕ್ಟರಮ್ಮ ಹೇಳಿದ ಕಪ್ಪು ಬಣ್ಣವೇ ಕಣ್ಣ ಮುಂದೆ ಬರುತ್ತಿತ್ತು. ಪೆನ್ನು ಕೆಳಗಿಟ್ಟು ಫೋನಿನ ಹತ್ತಿರ ಬಾಗಿ ಸ್ಪಷ್ಟವಾಗಿ ಹೇಳಿದೆ:

"ಇವಳು ತಂಬಾಕು ತಿನ್ನುತ್ತಾಳೆ. ದಿನಕ್ಕೆ ಎಂಟು ಸಲ. ನಿನ್ನೆಯೂ ತಿಂದಿದ್ದಾಳೆ."

"ವೈನಿ!" ಎಂದು ಗಿರಿಜಾ ಕೂಗಿದಳು.

ಫೋನು ಥಾಯ್ ಭಾಷೆಯಲ್ಲಿ ಅದನ್ನು ಒದರಿತು. ನರ್ಸು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಡಾಕ್ಟರ್ ನಮ್ಮಿಬ್ಬರನ್ನೂ ನೋಡಿದ. ಮುಗಿಯಿತು, ಇನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ಅವನು ಗಡಿಯಾರ ನೋಡಿ, ನಕ್ಕು, ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದು ಗಿರಿಜಾಳ ಮುಂದಿಟ್ಟ. ಇದಕ್ಕೂ ಒಂದು ಸಹಿ ಎಂದು ಸನ್ನೆ ಮಾಡಿದ.

ಅಷ್ಟೇ. ಆಪರೇಶನ್ ನಿಲ್ಲುವುದಿಲ್ಲ, ಕಾಗದ ಒಂದು ಹೆಚ್ಚು.

ಗಿರಿಜಾ ಆ ಕಾಗದದ ಮೇಲೆ ಫೋನನ್ನು ಹಿಡಿದಳು. ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿತು. ಅವಳು ಗಟ್ಟಿಯಾಗಿ ಓದಿದಳು, ಸಾಲೆಯ ಮಕ್ಕಳು ಓದುವ ಹಾಗೆ, ಒಂದೊಂದೇ ಶಬ್ದ:

"ತೊಟ್ಟು ಸತ್ತುಹೋದ ಸಂದರ್ಭದಲ್ಲಿ ಗ್ರಾಹಕರು ಕಂಪನಿಗೆ ತೊಂದರೆ ಕೊಡದೆ ಸಂತೋಷದಿಂದ ಸ್ವೀಕರಿಸುತ್ತಾರೆ."

ಮತ್ತೊಮ್ಮೆ ಓದಿದಳು, ಈ ಸಲ ಮನಸ್ಸಿನಲ್ಲಿ. ಅವಳ ಕೈ ತಾನಾಗಿ ಎದೆಯ ಮೇಲೆ ಹೋಯಿತು, ಕೂಸನ್ನು ಹಿಡಿದುಕೊಂಡ ಹಾಗೆ.

"ವೈನಿ," ಅಂದಳು. "ನನ್ನ ಸೀರಿ ಎಲ್ಲಿಟ್ಟಾರ್ರಿ?"

ಅವಳಿಗೆ ಸೀರೆ ಉಡಿಸುವಾಗ ನಿರಿಗೆ ಮೂರು ಸಲ ಜಾರಿತು. ಏಜೆಂಟ್ ಎಂಟು ಸಲ ಫೋನ್ ಮಾಡಿದ. ಒಂಬತ್ತನೆಯ ಸಲ ನಾನೇ ಎತ್ತಿ ಆಡಿದ ಮಾತನ್ನು ಇಲ್ಲಿ ಬರೆಯಲಾಗುವುದಿಲ್ಲ.

ಸಂಜೆ ಆರು ಗಂಟೆ, ಒಂದು ಉದ್ಯಾನ

ಮಧ್ಯಾಹ್ನವೆಲ್ಲ ಗಿರಿಜಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸಂಜೆ ಹೋಟೆಲಿನ ಹತ್ತಿರದ ಉದ್ಯಾನಕ್ಕೆ ನಡೆದಳು, ನಾನು ಹತ್ತು ಹೆಜ್ಜೆ ಹಿಂದೆ. ನೂರಾರು ಜನ ಓಡುತ್ತಿದ್ದರು, ವ್ಯಾಯಾಮ ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ಎಲ್ಲಿಂದಲೋ ಸಂಗೀತ ಕೇಳಿತು, ಎಲ್ಲರೂ ನಿಂತುಬಿಟ್ಟರು. ಓಡುತ್ತಿದ್ದವರು ಓಡಿದಲ್ಲೇ, ಮಕ್ಕಳು ಆಟದ ನಡುವೆಯೇ, ಸೈಕಲ್ಲಿನವರು ಕಾಲೂರಿ. ಭೂಕಂಪವೋ, ಬಾಂಬೋ ಎಂದು ನಾನು ಓಡಿಹೋಗಿ ಗಿರಿಜಾಳ ತೋಳು ಹಿಡಿದೆ. ಅದು ಅವರ ರಾಷ್ಟ್ರಗೀತೆ. ದಿನಾ ಸಂಜೆ ಆರಕ್ಕೆ ಬರುತ್ತದಂತೆ. ಮುಗಿದ ಮರುಕ್ಷಣ ಎಲ್ಲರೂ ಬಿಟ್ಟ ಹೆಜ್ಜೆಯಿಂದಲೇ ಓಡತೊಡಗಿದರು.

ನಾನು ಹಿಡಿದ ತೋಳನ್ನು ಅವಳು ಬಿಡಿಸಿಕೊಳ್ಳಲಿಲ್ಲ.

"ಹಾಲು ಕುಡಿಸಿದ್ದಕ್ಕ ಹಿಂಗ ಆಗೂದಿಲ್ಲಂತ್ರಿ" ಅಂದಳು. "ಪರೀಕ್ಷಾಕ್ಕ ಕರಕೊಂಡು ಹೋದಾಗ ಡಾಕ್ಟರಬಾಯಿನ್ನ ಕೇಳಿದೆ. ಬಸರು, ತೂಕ, ವಯಸ್ಸು, ಇದರಿಂದ ಅಂತ. ನಿನ್ನೆ ನಿಮಗ ಅಂದಾಗ ನನಗ ಅದು ಗೊತ್ತಿತ್ತು. ಚುಚ್ಚಬೇಕಂತಽ ಅಂದೆ."

"ಚುಚ್ಚಿದ್ದು ಚಲೋ ಆತು" ಅಂದೆ. "ನಾ ಅದನ್ನ ನಗಿಚಾಟಿಕಿ ಮಾಡಿಕೊಂಡು ಅಡ್ಡಾಡತಿದ್ದೆ."

ಕಲ್ಲು ಬೆಂಚಿನ ಮೇಲೆ ಕುಳಿತೆವು. ಕೆರೆಯಿಂದ ಉಡದಂಥ ದೊಡ್ಡ ಪ್ರಾಣಿಯೊಂದು ಮೇಲೆ ಬಂದು, ನಮ್ಮ ಮುಂದೆಯೇ ರಸ್ತೆ ದಾಟಿ ಹೋಯಿತು. ಓಡುವವರು ಯಾರೂ ಅದನ್ನು ನೋಡಲಿಲ್ಲ. ನಾವಿಬ್ಬರೂ ಬೆಂಚಿನ ಮೇಲೆ ಕಾಲು ಎತ್ತಿಕೊಂಡು ಕುಳಿತೆವು.

ಕೊನೆಯ ದಿನ, ಮಲಗಿದ ಬುದ್ಧ

"ಅವ್ವಗ ಹೇಳಿ ಬಂದೇನಿ, ಪೂರಾ ಸುಳ್ಳಾಗೂದು ಬ್ಯಾಡ" ಎಂದು ಗಿರಿಜಾಳೇ ಹೊರಟಳು. ನಮ್ಮ ಊರ ಓಣಿಯಷ್ಟು ಉದ್ದದ ಬುದ್ಧ, ಮೈತುಂಬ ಬಂಗಾರ, ಕೈ ತಲೆಗೆ ಆನಿಸಿ ಆರಾಮಾಗಿ ಮಲಗಿದ್ದಾನೆ. ಬೆನ್ನ ಹಿಂದೆ ಸಾಲಾಗಿ ಇಟ್ಟ ಬಟ್ಟಲುಗಳಿಗೆ ಜನ ನಾಣ್ಯ ಹಾಕುತ್ತ ಹೋಗುತ್ತಾರೆ. ಟಣ್ ಟಣ್ ಸದ್ದು ಮಳೆ ಹನಿದ ಹಾಗೆ ಕೇಳುತ್ತದೆ.

ಗಿರಿಜಾ ಕೈ ಮುಗಿದು ಬಹಳ ಹೊತ್ತು ನಿಂತಳು. ಜಂಪರಿನ ಕೊರಳಂಚಿನಲ್ಲಿ ನೇರಳೆ ಗೆರೆಯ ತುದಿ ಇಣುಕುತ್ತಿತ್ತು. ಎರಡು ಸಲ ಸಾಬೂನು ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ. ನಾನು ಅವಳ ಸೆರಗು ಸರಿಮಾಡಿದೆ.

ಮನೆ

ಗದಗ ಸ್ಟೇಶನ್ನಿಗೆ ಬಸವರಾಜ ಕಾರು ತಂದಿದ್ದರು. ಗಜೇಂದ್ರಗಡದ ದಾರಿಯಲ್ಲೇ ನಮ್ಮ ನರೇಗಲ್. ಚಹಾ ಕುಡಿದು ಹೋಗಲು ಒಳಗೆ ಬಂದರು. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಬಸವರಾಜ ಕಪ್ಪಿನಿಂದ ಬಶಿಗೆ ಚಹಾ ಸುರಿದುಕೊಂಡು, "ಎಲ್ಲಿ, ಫೋಟೋ ತೋರಸ್ರಿ ನೋಡೂಣು" ಅಂದರು.

"ನಾ ಬುದ್ಧನ್ನ ನೋಡಾಕ ಹೋಗಿದ್ದಿಲ್ರಿ" ಅಂದಳು ಗಿರಿಜಾ.

ಗಂಡ ಮತ್ತು ತಾಯಿಯ ಎದುರು, ನಿಂತಲ್ಲೇ, ಎಲ್ಲವನ್ನೂ ಹೇಳಿದಳು. ಎದೆಯ ಕೆಳಗಿನ ಗಾಯ, ಆಪರೇಶನ್ನು, ತಪಕೀರ, ಎರಡನೆಯ ಕ್ಲಿನಿಕ್ಕು, ಕಾಗದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಬಸವರಾಜರ ಬಶಿಯ ಚಹಾ ಧೋತರದ ಮೇಲೆ ಚೆಲ್ಲಿತು, ಅವರಿಗೆ ಗೊತ್ತೂ ಆಗಲಿಲ್ಲ. ಎದ್ದು ಹೊರಗೆ ಹೋದರು. ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ರಸ್ತೆ ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಹೊಸ್ತಿಲವರೆಗೆ ಬಂದು ಕೇಳಿದರು:

"ನಾ ನಿನಗ ಎಂದರ ಏನರ ಅಂದೇನೇನ?"

"ಇಲ್ರಿ. ನೀವು ಏನೂ ಅಂದಿಲ್ಲ" ಅಂದಳು ಗಿರಿಜಾ. "ಮೂರು ವರ್ಷ ಆತು, ಚಲೋನೂ ಅಂದಿಲ್ಲ, ಕೆಟ್ಟನೂ ಅಂದಿಲ್ಲ. ನೋಡೇ ಇಲ್ಲ ನೀವು."

ಅವರು ಅವಳ ಚೀಲ ಎತ್ತಿ ಕಾರಿನಲ್ಲಿ ಇಟ್ಟರು. ಇಬ್ಬರೂ ಕಾರು ಹತ್ತಿ ಹೋದರು.

ಇದಾಗಿ ವರ್ಷವಾಗುತ್ತ ಬಂತು. ಗಿರಿಜಾ ತಂಬಾಕು ಬಿಡಲು ನಾಲ್ಕು ಸಲ ಹೆಣಗಿದಳು, ಐದನೆಯ ಸಲ ಬಿಟ್ಟಳು. ಮೂರು ತಿಂಗಳು ಕಾದು, ನಮ್ಮ ರಾಜ್ಯದ್ದೇ ಒಂದು ಆಸ್ಪತ್ರೆಯಲ್ಲಿ ಎತ್ತುವ ಆಪರೇಶನ್ ಮಾತ್ರ ಮಾಡಿಸಿಕೊಂಡಳು, ಒಳಗೆ ಏನನ್ನೂ ಇಡಿಸಿಕೊಳ್ಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಐದು ತಾಸು ಬಸವರಾಜ ಕುಳಿತಿದ್ದರು, ನಾನೂ ಇದ್ದೆ. ಕಲೆಗಳು ಉಳಿದಿವೆ, ಇನ್ನೂ ಕೆಂಪಗಿವೆ. ಗುಡ್ಡ ಹತ್ತುವಾಗ ಬಟ್ಟೆ ಬಿಗಿಯುವುದು ನಿಂತಿದೆ.

ಆದರೆ ನಾವು ಬ್ಯಾಂಕಾಕಿನಿಂದ ಬಂದ ಆ ಸಂಜೆಯದು ಇನ್ನೂ ಸ್ವಲ್ಪ ಹೇಳುವುದಿದೆ. ಕಾರು ಹೋದ ಮೇಲೆ ಅತ್ತೆ ಕಂಬ ಬಿಟ್ಟು ಏಳಲಿಲ್ಲ. ಈಗ ಬೈಗುಳ ಶುರುವಾಗುತ್ತದೆ, ಗೊತ್ತಿದ್ದೂ ಮುಚ್ಚಿಟ್ಟೆಯಾ ಎಂದು ಮೊದಲು ನನಗೇ ಬೀಳುತ್ತದೆ ಎಂದುಕೊಂಡು ನಾನು ಚಹಾದ ಕಪ್ಪು ಬಶಿಗಳನ್ನು ಎತ್ತಿಡುತ್ತ ತಲೆ ತಗ್ಗಿಸಿದ್ದೆ.

"ಅಲ್ಲವ್ವಾ," ಅಂದರು ಅತ್ತೆ. ಧ್ವನಿ ಬಹಳ ಮೆಲ್ಲಗಿತ್ತು. "ಕೆಳಗ ಬೆವತು ಚರ್ಮ ಸುಲೀತೈತಿ ಅಂದ್ಲಲ್ಲ ಗಿರಿಜಾ. ಅದಕ್ಕ ಔಷಧ ಐತೇನ?"

ನಾನು ತಲೆ ಎತ್ತಿದೆ.

"ನಲವತ್ತು ವರ್ಷ ಆತು. ಬ್ಯಾಸಗಿ ಬಂತಂದ್ರ ಹಳೇ ಧೋತರದ ಅರಿವಿ ಮಡಚಿ ಇಟ್ಕೊತೀನಿ. ಅರಿವಿ ಅಂಟಿ ಬಿಡ್ತೈತಿ, ಬಿಚ್ಚೂ ಮುಂದ ಜೀವ ಹೋಗ್ತೈತಿ. ಹೆಂಗಸಾಗಿ ಹುಟ್ಟಿದ ಮ್ಯಾಲೆ ಎಲ್ಲಾರಿಗೂ ಇದ್ದದ್ದಽ ಅಂತ ತಿಳಿದಿದ್ದೆ."

ಒಂದೇ ಸೂರಿನ ಕೆಳಗೆ ಇಪ್ಪತ್ತಾರು ವರ್ಷ. ಅವರ ಒಂದೊಂದು ಕುಪ್ಪಸವೂ ನನ್ನ ಕೈಯದು. ಅವರು ರೊಟ್ಟಿ ಬಡಿಯುವಾಗ ಆಗಾಗ ನಿಂತು ಎದೆಯ ಕೆಳಗೆ ಸೆರಗು ಒತ್ತಿಕೊಳ್ಳುವುದನ್ನು ಒಲೆಯ ಸೆಕೆಗೆ ಎಂದು ನೋಡಿಯೂ ನೋಡದೆ ಇದ್ದೆ.

ಎದ್ದು ಬೀದಿಯ ಬಾಗಿಲು ಮುಂದೆ ಮಾಡಿ ಅಗಳಿ ಹಾಕಿದೆ. ದೀಪ ಹಚ್ಚಿದೆ. ಕೈ ತೊಳೆದುಕೊಂಡು ಬಂದು ಅವರ ಮುಂದೆ ಕುಳಿತೆ.

"ತೋರಸ್ರಿ ಅತ್ತಿ" ಅಂದೆ.